ಎಂಜಿನ್ ಹೊಸದು, ಪೈಪ್ ಹಳೇದು!

ನಮ್ಮ ಜಮಖಂಡಿ, ಮುಧೋಳ ಕಡೆ ಹೊಳೆಯಿಂದ ಹೊಲಕ್ಕೆ ನೀರು ಎತ್ತುವ ಯಾವ ರೈತನಿಗಾದರೂ ಹೇಳಿ ನೋಡಿ: ‘5 ಎಚ್‌ಪಿ ಮೋಟಾರು ತೆಗೆದು 15 ಎಚ್‌ಪಿ ಕೂಡ್ರಿಸು, ಪೈಪ್ ಮಾತ್ರ ಹಳೇದೇ ಇರಲಿ’ ಎಂದು. ಆತ ನಕ್ಕುಬಿಡುತ್ತಾನೆ. ಪೈಪಿನ ಅಂಗಡಿಯಲ್ಲಿ ಅವನು ಕೇಳುವ ಮೊದಲ ಪ್ರಶ್ನೆಯೇ ‘4 ಕೆಜಿದೋ, 6 ಕೆಜಿದೋ?’ ಅಂತ. ಅದು ಪೈಪಿನ ತೂಕವಲ್ಲ, ಅದು ತಡೆಯುವ ಒತ್ತಡದ ಲೆಕ್ಕ. ಶಾಲೆಯ ಮುಖ ನೋಡದವರಿಗೂ ಗೊತ್ತಿರುವ ಈ ಲೆಕ್ಕವನ್ನು, ಹಳೇ ಕಾರಿಗೆ ಹೊಸ ಎಂಜಿನ್ ಕೂಡ್ರಿಸುವ ಹುಮ್ಮಸ್ಸಿನಲ್ಲಿ ಓದಿದ ಹುಡುಗರೇ ಬಿಟ್ಟುಬಿಡುತ್ತಿದ್ದಾರೆ.

ಈಗ ಹಳೇ ಕಾರುಗಳಿಗೆ ಮತ್ತೆ ಕಾಲ ಬಂದಿದೆ. ದನದ ಕೊಟ್ಟಿಗೆಯ ಪಕ್ಕ ಧೂಳು ತಿನ್ನುತ್ತಿದ್ದ ಅಜ್ಜನ ಅಂಬಾಸಿಡರ್, ಕಾಕಾನ ಪ್ರೀಮಿಯರ್ ಪದ್ಮಿನಿ, ಅಪ್ಪನ ಮೊದಲ ಮಾರುತಿ 800, ಯಾರೋ ಮಾರಿ ಹೋದ ಜಿಪ್ಸಿ ಎಲ್ಲವೂ ಗ್ಯಾರೇಜಿನ ಹಾದಿ ಹಿಡಿದಿವೆ. ರೀಲ್ಸ್‌ನಲ್ಲಿ ನೋಡಿದರೆ ಮೂವತ್ತೇ ಸೆಕೆಂಡಿನ ಕೆಲಸ. ಹಳೇ ಕಾರ್ಬುರೇಟರ್ ಎಂಜಿನ್ ಹೊರಗೆ, ಗುಜರಿಯಿಂದ ತಂದ ಎಂಪಿಎಫ್‌ಐ ಎಂಜಿನ್ ಒಳಗೆ, ಹಿನ್ನೆಲೆಯಲ್ಲೊಂದು ಹಾಡು. ಪೆಟ್ರೋಲ್ ಟ್ಯಾಂಕನ್ನು ಆ ಮೂವತ್ತು ಸೆಕೆಂಡಿನಲ್ಲಿ ಯಾರೂ ತೋರಿಸುವುದಿಲ್ಲ.

ನನ್ನ ವಾದ ಇಷ್ಟೇ. ಹಳೇ ಕಾರಿಗೆ ಇಂಜೆಕ್ಷನ್ ಎಂಜಿನ್ ಹಾಕಿಸುವವರು ಮೊದಲ ರೂಪಾಯಿಯನ್ನು ಎಂಜಿನ್‌ಗೆ ಕೊಡಬಾರದು. ಟ್ಯಾಂಕ್, ಪಂಪ್, ಪೈಪ್, ಫಿಲ್ಟರ್, ವೈರಿಂಗ್, ಅಂದರೆ ಪೆಟ್ರೋಲ್ ನಡೆದುಬರುವ ದಾರಿಗೆ ಕೊಡಬೇಕು. ಅದಕ್ಕೆ ಹಣವಿಲ್ಲದಿದ್ದರೆ ಎಂಜಿನ್ ಬದಲಿಸುವ ಆಸೆಯನ್ನೂ ಸದ್ಯಕ್ಕೆ ಮುಂದೂಡಬೇಕು.

ಹತ್ತು ಪಟ್ಟು ಒತ್ತಡ

ಕಾರ್ಬುರೇಟರ್ ಕಾರಿನಲ್ಲಿ ಪೆಟ್ರೋಲ್ ಪಂಪ್‌ಗೆ ಹೆಚ್ಚು ಕೆಲಸವಿಲ್ಲ. ಎಂಜಿನ್ ತಿರುಗಿದಂತೆ ತಾನೂ ಬಡಿದುಕೊಳ್ಳುತ್ತಾ, ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬುರೇಟರಿನ ಬಟ್ಟಲು ತುಂಬಿಸಿದರೆ ಮುಗಿಯಿತು. ಒತ್ತಡ 3ರಿಂದ 5 ಪಿಎಸ್‌ಐ ಇದ್ದರೆ ಸಾಕು. ಎಂಪಿಎಫ್‌ಐ ಎಂಜಿನ್‌ನ ಇಂಜೆಕ್ಟರ್ ಹಾಗಲ್ಲ. ಕೂದಲೆಳೆಯಂಥ ರಂಧ್ರದಿಂದ ಪೆಟ್ರೋಲನ್ನು ಮಂಜಿನಂತೆ ಸಿಂಪಡಿಸಬೇಕಾದರೆ ಅದರ ಹಿಂದೆ ಸುಮಾರು 3 ಬಾರ್, ಅಂದರೆ 43 ಪಿಎಸ್‌ಐ ಒತ್ತಡ ಸದಾ ಇರಬೇಕು. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿಯೇ 30 ಪಿಎಸ್‌ಐ ಆಸುಪಾಸು. ಟೈರಿಗಿಂತ ಬಿಗಿಯಾಗಿ ಉಬ್ಬಿದ ಪೆಟ್ರೋಲ್ ಕೊಳವೆಯೊಂದು ನಾವು ಕೂತ ಸೀಟಿನ ಕೆಳಗೇ ಹಾದುಹೋಗುತ್ತಿದೆ ಎಂದು ಊಹಿಸಿಕೊಳ್ಳಿ. ಅದು ಮೂವತ್ತು ವರ್ಷ ಹಳೇ ರಬ್ಬರ್ ಆಗಿದ್ದರೆ?

ಕಾರ್ಬುರೇಟರ್ ಬಟ್ಟಲಿನಿಂದ ಇನ್ನೊಂದು ಉಪಕಾರವಿತ್ತು. ತಿರುವಿನಲ್ಲಿ ಟ್ಯಾಂಕಿನ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪ್ ಒಂದು ಗುಟುಕು ಗಾಳಿ ಎಳೆದುಕೊಂಡರೂ, ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಎಂಜಿನ್‌ನ ಮಾನ ಕಾಯುತ್ತಿತ್ತು. ಇಂಜೆಕ್ಷನ್‌ನಲ್ಲಿ ಆ ಬಟ್ಟಲೇ ಇಲ್ಲ. ಪಂಪ್ ಗಾಳಿ ಎಳೆದ ಮರುಕ್ಷಣ ಎಂಜಿನ್ ಕೆಮ್ಮುತ್ತದೆ. ಕಾರ್ಖಾನೆಯಿಂದಲೇ ಎಂಪಿಎಫ್‌ಐ ಆಗಿ ಬರುವ ಕಾರುಗಳಲ್ಲಿ ಟ್ಯಾಂಕಿನೊಳಗೇ ಪಂಪ್ ಇಟ್ಟು, ಅದರ ಸುತ್ತ ಸದಾ ಪೆಟ್ರೋಲ್ ನಿಲ್ಲುವಂತೆ ಬಕೆಟ್ಟಿನಂಥ ಪಾತ್ರೆ ಮಾಡಿರುವುದು ಇದಕ್ಕೇ.

ಎಂಜಿನ್ ಬದಲಾವಣೆ ಎಂಬುದು ಗುಜರಿ ಗ್ಯಾರೇಜಿನ ಆವಿಷ್ಕಾರವೇನೂ ಅಲ್ಲ. ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಕಂಪನಿಯೇ ಅದನ್ನು ಮಾಡಿದೆ. 1,489 ಸಿಸಿಯ ಹಳೇ ಬ್ರಿಟಿಷ್ ವಿನ್ಯಾಸದ ಎಂಜಿನ್ ಇದ್ದ ಕಾರಿಗೆ 1990ರ ದಶಕದಲ್ಲಿ ಜಪಾನಿನ ಇಸುಜು ವಿನ್ಯಾಸದ 1.8 ಲೀಟರ್ ಎಂಜಿನ್ ಬಂತು. ಮಾಲಿನ್ಯದ ನಿಯಮ ಬಿಗಿಯಾದ ಮೇಲೆ ಅದಕ್ಕೇ ಎಂಪಿಎಫ್‌ಐ ಕೂಡಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆ ನಿಲ್ಲುವವರೆಗೂ ಹೊರಮೈ ಹೆಚ್ಚುಕಡಿಮೆ ಅದೇ ಇತ್ತು, ಒಳಗಿನ ಕರುಳು ಬದಲಾಗುತ್ತಾ ಹೋಯಿತು. ಕಂಪನಿ ಮಾಡಿದ್ದಕ್ಕೂ ನಾವು ಮಾಡುವುದಕ್ಕೂ ಇರುವ ಅಂತರವೆಂದರೆ, ಕಂಪನಿ ಇಡೀ ವ್ಯವಸ್ಥೆಯನ್ನು ಬದಲಿಸುತ್ತದೆ. ನಾವು ಬಾನೆಟ್ ಎತ್ತಿದರೆ ಕಾಣುವುದನ್ನು ಮಾತ್ರ ಬದಲಿಸುತ್ತೇವೆ.

ನಮ್ಮ ಕಬ್ಬು, ನಮ್ಮ ಟ್ಯಾಂಕ್

ಈ ವಿಷಯದಲ್ಲಿ ನಮ್ಮ ನಾಲ್ಕು ತಾಲ್ಲೂಕಿಗೆ ಒಂದು ವಿಶೇಷ ಸಂಬಂಧವಿದೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಂದರೆ ಕಬ್ಬು. ಸಮೀರವಾಡಿಯ ಗೋದಾವರಿ ಬಯೋರಿಫೈನರೀಸ್, ಮುಧೋಳದ ನಿರಾಣಿ ಸಮೂಹದ ಕಾರ್ಖಾನೆಗಳು ಈಗ ಸಕ್ಕರೆಯ ಜತೆ ಎಥನಾಲನ್ನೂ ತಯಾರಿಸುತ್ತವೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕ ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್, ಈಗ ನಮ್ಮೂರಿನ ಬಂಕಿಗೂ ಬಂದಿದೆ. ನಮ್ಮ ಹೊಲದ ಕಬ್ಬು ಹೋಗಿ ನಮ್ಮ ಗಾಡಿಯ ಟ್ಯಾಂಕಿಗೇ ವಾಪಸು ಬರುತ್ತಿದೆ. ರೈತನ ಮಗನಾಗಿ ಇದಕ್ಕೆ ನನ್ನ ತಕರಾರಿಲ್ಲ.

ಆದರೆ ಮೆಕ್ಯಾನಿಕಲ್ ವಿದ್ಯಾರ್ಥಿಯಾಗಿ ಮೂರು ಮಾತು ಹೇಳಲೇಬೇಕು. ಮೊದಲನೆಯದು, ಎಥನಾಲ್ ಹಳೇ ಕಾಲದ ರಬ್ಬರ್ ಪೈಪ್, ವಾಷರ್, ಪಂಪಿನ ಪದರಗಳನ್ನು ಉಬ್ಬಿಸಿ, ಬಿರುಕು ಬಿಡಿಸುತ್ತದೆ. ಎರಡನೆಯದು, ಅದು ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ನೀರು, ಎಥನಾಲ್ ಒಂದಾಗಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸಬಹುದು. ಮೂರನೆಯದು, ಗಾಳಿಯ ಲೆಕ್ಕ. ಬರೀ ಪೆಟ್ರೋಲ್ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಕಾರ್ಬುರೇಟರ್‌ನ ಜೆಟ್ ಎಂದರೆ ಅಳತೆ ಗಟ್ಟಿಯಾದ ಒಂದು ತೂತು. ಇಂಧನ ಬದಲಾದದ್ದು ಅದಕ್ಕೆ ತಿಳಿಯುವುದಿಲ್ಲ. ಹಿಂದಿನಂತೆಯೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗಿ ಎಳೆತ ಕಳೆದುಕೊಳ್ಳುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಇಂಜೆಕ್ಷನ್ ಎಂಜಿನ್ ಮಾತ್ರ ಹೊಗೆಯನ್ನು ಮೂಸಿ ನೋಡಿ, ತನ್ನ ಮಿತಿಯೊಳಗೆ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡಿಕೊಳ್ಳುತ್ತದೆ.

ಹಾಗಾಗಿ ಎಂಪಿಎಫ್‌ಐ ಬೇಕೆನ್ನುವವರ ಆಸೆಯಲ್ಲಿ ಅರ್ಥವಿದೆ. ಬೆಳಗಿನ ಚಳಿಯಲ್ಲಿ ಚೋಕ್ ಎಳೆಯುವ ಗೋಳಿಲ್ಲ, ಹೊಗೆ ಕಡಿಮೆ, ಮೈಲೇಜೂ ಪರವಾಗಿಲ್ಲ. ಆದರೆ ಯಾವ ಎಥನಾಲ್‌ಗೆ ಹೆದರಿ ಎಂಜಿನ್ ಬದಲಿಸುತ್ತೇವೋ ಅದೇ ಎಥನಾಲ್ ಹತ್ತು ಪಟ್ಟು ಒತ್ತಡದಲ್ಲಿ ಹಳೇ ರಬ್ಬರಿನೊಳಗೆ ಹರಿಯುತ್ತಿದ್ದರೆ, ಮೊದಲಿದ್ದ ಅಪಾಯವೇ ವಾಸಿ ಎನ್ನಬೇಕು.

ಬನಹಟ್ಟಿಯ ಬಿಳಿ ಅಂಬಾಸಿಡರ್

ಬನಹಟ್ಟಿಯ ನನ್ನ ಗೆಳೆಯನ ಮನೆಯವರದು ಸೀರೆ ವ್ಯಾಪಾರ. ಅವರ ಅಜ್ಜನ ಕಾಲದ ಬಿಳಿ ಅಂಬಾಸಿಡರ್‌ಗೆ ದೂರದ ಊರಿನ ಗ್ಯಾರೇಜೊಂದರಲ್ಲಿ ಎಂಪಿಎಫ್‌ಐ ಎಂಜಿನ್ ಹಾಕಿಸಿದ್ದರು. ಬಂದ ಮೊದಲ ವಾರ ಓಣಿಯ ಮಂದಿಯೆಲ್ಲ ಸೇರಿ ಫೋಟೊ ತೆಗೆಸಿಕೊಂಡರು. ಎರಡನೇ ವಾರದಿಂದ ಕಿರಿಕಿರಿ ಶುರು. ಟ್ಯಾಂಕ್ ಅರ್ಧಕ್ಕಿಂತ ಕಡಿಮೆಯಾದರೆ ತಿರುವಿನಲ್ಲಿ ಎಂಜಿನ್ ತಡವರಿಸುತ್ತಿತ್ತು.

ಕಬ್ಬಿನ ಹಂಗಾಮಿನ ಒಂದು ಸಂಜೆ ಮುಧೋಳ ರಸ್ತೆಯಲ್ಲಿ, ಮುಂದೆ ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ನಡುವೆ ಕಾರು ನಿಂತೇಬಿಟ್ಟಿತು. ಹಿಂದಿನ ಸೀಟಿನಲ್ಲಿ ಗೆಳೆಯನ ಅವ್ವ, ತಂಗಿ ಇದ್ದರು. ಗಂ ಎಂದು ಪೆಟ್ರೋಲ್ ವಾಸನೆ. ಎಂಜಿನ್ ಬಳಿ ಪೈಪ್ ಕಳಚಿ ಪೆಟ್ರೋಲ್ ಕಾರಂಜಿಯಂತೆ ಚಿಮ್ಮುತ್ತಿತ್ತು. ಎಂಜಿನ್ ನಿಂತಿದ್ದರೂ ಪಂಪ್ ನಿಂತಿರಲಿಲ್ಲ! ಏನಾಯಿತೆಂದು ನೋಡಲು ಬಂದ ಟ್ರ್ಯಾಕ್ಟರ್ ಚಾಲಕನ ಬಾಯಲ್ಲಿ ಬೀಡಿ ಉರಿಯುತ್ತಿತ್ತು. ಗೆಳೆಯ ಚೀರಿದ್ದಕ್ಕೆ ಆತ ಹಿಂದೆ ಓಡಿದ. ಕೀಲಿ ತಿರುವಿದ ಮೇಲೆಯೇ ಪಂಪ್ ಸುಮ್ಮನಾದದ್ದು. ಅಂದು ಏನೂ ಆಗಲಿಲ್ಲ ಎಂಬುದು ಅದೃಷ್ಟದ ಮಾತು, ಆ ಗ್ಯಾರೇಜಿನ ಕೆಲಸದ ಹೆಚ್ಚುಗಾರಿಕೆಯಲ್ಲ.

ಕಾರನ್ನು ಜಮಖಂಡಿಗೆ ಎಳೆದುಕೊಂಡು ಬಂದು ನನಗೆ ಪರಿಚಯದ ಮಿಸ್ತ್ರಿಯ ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ರಜೆಯಲ್ಲಿ ನಾನು ಅಲ್ಲಿ ಪಾನಾ ಹಿಡಿಯಲು ಹೋಗುವುದುಂಟು. ಮಿಸ್ತ್ರಿ ಕಾಕಾ ಕಾರಿನ ಕೆಳಗೆ ನುಗ್ಗಿ, ಐದೇ ನಿಮಿಷಕ್ಕೆ ಹೊರಬಂದು ಹೇಳಿದ್ದು ಇಷ್ಟು: ‘ತಮ್ಮಾ, ಎಂಜಿನ್ ಚಲೋ ಐತಿ. ಹೊಟ್ಟಿ, ಕಳ್ಳು ಎಲ್ಲಾ ಹಳೇವದಾವ. ಹೊಟ್ಟಿ ಕೆಟ್ಟಾಂವಗ ಹೋಳಿಗಿ ತುಪ್ಪ ಬಡಿಸಿದ್ರ ಏನ್ ಆಕ್ಕೈತಿ?’

ಬಿಚ್ಚಿ ನೋಡಿದರೆ ಅವರ ಮಾತು ಅಕ್ಷರಶಃ ನಿಜ. ಟ್ಯಾಂಕಿನ ತಳದಲ್ಲಿ ಕೆಂಪು ತುಕ್ಕಿನ ರಾಡಿ. ಒತ್ತಡ ತಡೆಯಲಾರದ ಮಾಮೂಲಿ ರಬ್ಬರ್ ಪೈಪು. ನುಣುಪಾದ ಲೋಹದ ನಳಿಕೆಯ ಮೇಲೆ ಸ್ಕ್ರೂ ಕ್ಲಿಪ್. ಪಂಪಿನ ವೈರ್ ನೇರ ಇಗ್ನಿಷನ್ ಕೀಲಿಗೆ. ರಿಲೇ ಇಲ್ಲ, ಫ್ಯೂಸ್ ಕೂಡ ಇಲ್ಲ.

ಬದಲಿಸಬೇಕಾದದ್ದು ಏನೇನು?

ಆ ಕಾರಿಗೆ ನಾವು ಮಾಡಿದ್ದನ್ನೇ ಕ್ರಮವಾಗಿ ಹೇಳುತ್ತೇನೆ. ಇಂಥ ಯೋಚನೆ ಇರುವವರಿಗೆ ಉಪಯೋಗವಾದೀತು.

ಮೊದಲು ಟ್ಯಾಂಕ್. ತುಕ್ಕು ತಿಂದಿದ್ದರೆ ಬದಲಿಸುವುದೇ ಲೇಸು. ಗಟ್ಟಿಯಿದ್ದರೆ ಇಳಿಸಿ, ಒಳಗನ್ನು ಪೂರ್ತಿ ತೊಳೆಸಬೇಕು. ಒಂದು ಎಚ್ಚರಿಕೆ: ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಕಿಡಿಗಾಗಿ ಕಾಯುತ್ತಿರುತ್ತದೆ. ಅದಕ್ಕೆ ವೆಲ್ಡಿಂಗ್ ಹಚ್ಚುವ ಧೈರ್ಯ ಯಾರೂ ಮಾಡಬಾರದು. ಆವಿ ತೆಗೆಯುವ ವಿಧಾನ, ಸಲಕರಣೆ ಎರಡೂ ಇರುವವರಿಗಷ್ಟೇ ಆ ಕೆಲಸ.

ಎರಡನೆಯದು ಪಂಪ್. ಟ್ಯಾಂಕಿನೊಳಗೆ ಕೂಡ್ರುವ ಪಂಪ್ ಎಲ್ಲಕ್ಕಿಂತ ಒಳ್ಳೆಯದು. ಪೆಟ್ರೋಲ್ ಅದನ್ನು ತಂಪಾಗಿಡುತ್ತದೆ. ಸಾಧ್ಯವಾಗದಿದ್ದರೆ ಸಣ್ಣ ಪಂಪೊಂದು ಟ್ಯಾಂಕಿನಿಂದ ಲೀಟರ್ ಹಿಡಿಸುವ ಪುಟ್ಟ ಡಬ್ಬಿಗೆ ಪೆಟ್ರೋಲ್ ತುಂಬಿಸುತ್ತಾ, ದೊಡ್ಡ ಪಂಪ್ ಆ ಡಬ್ಬಿಯಿಂದ ಎಂಜಿನ್‌ಗೆ ಕಳಿಸುವಂತೆ ಮಾಡಬಹುದು. ತಿರುವಿನಲ್ಲಿ ಗಾಳಿ ಎಳೆಯುವ ಸಮಸ್ಯೆ ಅಲ್ಲಿಗೆ ಮುಗಿಯಿತು. ಪಂಪ್ ದೊಡ್ಡದಿದ್ದಷ್ಟೂ ಚಲೋ ಎಂಬುದು ತಪ್ಪು ಲೆಕ್ಕ. 75 ಎಚ್‌ಪಿಯ ಎಂಜಿನ್ ಪೂರ್ತಿ ದಮ್ಮು ಕಟ್ಟಿ ಓಡಿದರೂ ಗಂಟೆಗೆ ಸುಮಾರು 25 ಲೀಟರ್ ಕುಡಿಯುತ್ತದೆ. 60 ಕಿ.ಮೀ. ವೇಗದಲ್ಲಿ ಲೀಟರಿಗೆ 12 ಕಿ.ಮೀ. ಕೊಡುವ ಕಾರಿಗೆ ಗಂಟೆಗೆ 5 ಲೀಟರ್ ಸಾಕು. ಹೆಚ್ಚಾದದ್ದು ಟ್ಯಾಂಕಿಗೆ ಮರಳಬೇಕು. ಪಂಪ್ ವಿಪರೀತ ದೊಡ್ಡದಾದರೆ ಅದೇ ಪೆಟ್ರೋಲ್ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಬೇಕೇ?

ಮೂರನೆಯದು ಆ ಮರಳುವ ದಾರಿ. ಪ್ರೆಷರ್ ರೆಗ್ಯುಲೇಟರ್ ಎಂಜಿನ್ ಹತ್ತಿರ ಇರುವ ವ್ಯವಸ್ಥೆಯಲ್ಲಿ, ಹೆಚ್ಚುವರಿ ಪೆಟ್ರೋಲನ್ನು ಟ್ಯಾಂಕಿಗೆ ಒಯ್ಯುವ ಎರಡನೇ ಪೈಪ್ ಬೇಕು. ಹಳೇ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಕಾಲುವೆಗೆ ಕೋಡಿ ಇದ್ದಂತೆ ಇದು.

ನಾಲ್ಕನೆಯದು ಪೈಪ್. ಇಂಜೆಕ್ಷನ್‌ಗೆ ತಕ್ಕ ರಬ್ಬರ್ ಪೈಪಿನ ಮೈಮೇಲೆ ‘ಎಸ್‌ಎಇ ಜೆ30 ಆರ್9’ ಎಂದು ಬರೆದಿರುತ್ತದೆ. ‘ಆರ್7’ ಎಂದಿದ್ದರೆ ಅದು ಕಾರ್ಬುರೇಟರ್‌ನ ಕಡಿಮೆ ಒತ್ತಡಕ್ಕೆ. ಟ್ಯಾಂಕಿನೊಳಗೆ ಪೆಟ್ರೋಲ್‌ನಲ್ಲಿ ಮುಳುಗಿರುವ ತುಂಡಿಗೆ ‘ಆರ್10’ ಬೇಕು. ಉಳಿದವುಗಳ ಹೊರಮೈ ಪೆಟ್ರೋಲ್‌ನಲ್ಲಿ ನೆನೆದು ಹಾಳಾಗುತ್ತದೆ. ಉದ್ದ ದಾರಿಗೆ ಲೋಹದ ಪೈಪ್, ಜೋಡಣೆಗಷ್ಟೇ ರಬ್ಬರ್. ಲೋಹದ ತುದಿಗೆ ಉಬ್ಬುಗೆರೆ ಇರಬೇಕು, ಇಲ್ಲದಿದ್ದರೆ ರಬ್ಬರ್ ಜಾರುತ್ತದೆ. ಕ್ಲಿಪ್ ಕೂಡ ರಬ್ಬರನ್ನು ಕೊಯ್ಯದಂಥ, ಸುತ್ತಲೂ ಸಮನಾಗಿ ಬಿಗಿಯುವ ಇಂಜೆಕ್ಷನ್ ಕ್ಲಿಪ್ ಆಗಬೇಕು. ಜತೆಗೆ ಪಂಪಿನ ಮೊದಲು ಒರಟು ಜಾಲರಿ, ನಂತರ ಸೂಕ್ಷ್ಮ ಫಿಲ್ಟರ್.

ಐದನೆಯದೇ ಜೀವ ಉಳಿಸುವಂಥದ್ದು: ವೈರಿಂಗ್. ಹಳೇ ಪಂಪ್ ಎಂಜಿನ್ ನಿಂತರೆ ತಾನೂ ನಿಲ್ಲುತ್ತಿತ್ತು. ಎಲೆಕ್ಟ್ರಿಕ್ ಪಂಪ್‌ಗೆ ಆ ಬುದ್ಧಿಯನ್ನು ನಾವೇ ಕಲಿಸಬೇಕು. ಕೀಲಿ ತಿರುವಿದಾಗ ಎರಡು ಮೂರು ಸೆಕೆಂಡ್ ಓಡಿ, ಎಂಜಿನ್ ಶುರುವಾಗದಿದ್ದರೆ ನಿಲ್ಲಬೇಕು. ಓಡುವಾಗ ಎಂಜಿನ್ ನಿಂತರೆ ಕೂಡಲೇ ನಿಲ್ಲಬೇಕು. ಎಂಜಿನ್ ಜತೆ ಬರುವ ಇಸಿಯು ರಿಲೇ ಮೂಲಕ ಇದನ್ನು ತಾನೇ ಮಾಡುತ್ತದೆ, ಸರಿಯಾಗಿ ಜೋಡಿಸಿದರೆ ಮಾತ್ರ. ಡಿಕ್ಕಿಯಾದಾಗ ಕರೆಂಟ್ ಕಡಿಯುವ ಒಂದು ಸ್ವಿಚ್ ಕೂಡ ಹಾಕಿಸುವುದು ಒಳಿತು.

ಕೊನೆಗೆ ಪ್ರೆಷರ್ ಗೇಜ್ ಹಾಕಿ, ಕಾರನ್ನು ನಿಲ್ಲಿಸಿಯೇ ಒತ್ತಡ ಏರಿಸಿ, ಒಂದೊಂದು ಜೋಡಣೆಯನ್ನೂ ಒಣ ಬಟ್ಟೆಯಿಂದ ಒರೆಸಿ ನೋಡಿದೆವು. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಇಷ್ಟಕ್ಕೆಲ್ಲ ತಗುಲಿದ ವೆಚ್ಚ ಎಂಜಿನ್‌ಗೆ ಅವರು ಕೊಟ್ಟಿದ್ದರ ಕಾಲು ಭಾಗದಷ್ಟೂ ಆಗಲಿಲ್ಲ. ಗೆಳೆಯನ ಅಪ್ಪ ಬಿಲ್ ನೋಡಿ, ‘ಇಷ್ಟಕ್ಕ ನಮ್ಮ ಮಂದಿ ಜೀವ ಒತ್ತಿ ಇಟ್ಟಿದ್ವೇನೋ?’ ಎಂದು ಬಹಳ ಹೊತ್ತು ಸುಮ್ಮನೆ ಕೂತರು.

ಕಾಯ್ದೆ ಏನನ್ನುತ್ತದೆ?

ಇನ್ನು ಕಾಗದಪತ್ರ. ಕಂಪನಿ ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕರಿಗೆ ₹5,000 ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಹಾಗಾಗಿ ಪಾನಾ ಹಿಡಿಯುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ. ಕೆಎ 48 ಗಾಡಿಯವರಿಗೆ ಅದು ಜಮಖಂಡಿಯಲ್ಲೇ ಇದೆ. ಲಿಖಿತ ಅನುಮತಿ, ಎಂಜಿನ್ ಕೊಂಡ ರಸೀದಿ, ಆರ್‌ಸಿಯಲ್ಲಿ ಹೊಸ ಎಂಜಿನ್ ಸಂಖ್ಯೆ, ವಿಮಾ ಕಂಪನಿಗೆ ಮಾಹಿತಿ, ಇವಿಷ್ಟೂ ಇಲ್ಲದೆ ರಸ್ತೆಗಿಳಿಸಿದರೆ ಅಪಘಾತವಾದ ದಿನ ಕೈ ಹಿಡಿಯುವವರು ಯಾರೂ ಇರುವುದಿಲ್ಲ. ಈ ಅನುಮತಿ ಸುಲಭವಲ್ಲ. ಅನ್ಯ ಕಂಪನಿಯ ಎಂಜಿನ್ ತುರುಕುವ ಬದಲು, ನಿಮ್ಮ ಕಾರಿನದೇ ಮಾದರಿಯ ಎಂಪಿಎಫ್‌ಐ ಆವೃತ್ತಿ ಇದ್ದರೆ ಅದನ್ನು ವಿಚಾರಿಸುವುದು ಜಾಣತನ. ಅದರ ಟ್ಯಾಂಕ್, ಪಂಪ್, ಪೈಪ್, ಇಸಿಯು ಸಮೇತ ತಂದರೆ ಅರ್ಧ ತಲೆನೋವು ಕಡಿಮೆ.

ಕಾರು ಐವತ್ತು ವರ್ಷ ದಾಟಿದ್ದರಂತೂ ಮತ್ತೊಮ್ಮೆ ಯೋಚಿಸಿ. 2021ರ ನಿಯಮದಂತೆ ಅಂಥ ಕಾರಿಗೆ ‘ವಿಎ’ ಅಕ್ಷರಗಳಿರುವ ವಿಂಟೇಜ್ ನೋಂದಣಿ ಸಿಗುತ್ತದೆ. ಆದರೆ ಮೂಲ ರೂಪ ಉಳಿದಿರಬೇಕು. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಎಂಜಿನ್ ಬದಲಿಸಿದರೆ ಆ ಬಾಗಿಲು ಮುಚ್ಚಿದಂತೆ. ಅಂಥವರಿಗೆ ಅಗ್ಗದ, ಗೌರವದ ದಾರಿಯೊಂದಿದೆ: ಕಾರ್ಬುರೇಟರ್ ಇರಲಿ. ಎಥನಾಲ್ ತಡೆಯುವ ಪೈಪ್, ವಾಷರ್, ಪಂಪಿನ ರಿಪೇರಿ ಕಿಟ್ ಹಾಕಿಸಿ, ಜೆಟ್ ಸ್ವಲ್ಪ ದೊಡ್ಡದು ಮಾಡಿಸಿ, ಟ್ಯಾಂಕ್ ಸ್ವಚ್ಛವಾಗಿಡಿ. ಅಜ್ಜನ ಕಾರು ಅಜ್ಜನ ದನಿಯಲ್ಲೇ ಮಾತಾಡಲಿ ಬಿಡಿ.

ಮಿಸ್ತ್ರಿಯೂ ಬೇಕು, ಎಂಜಿನಿಯರೂ ಬೇಕು

ಇದನ್ನೆಲ್ಲ ಕಾರಿಲ್ಲದ, ಕೆಲಸ ಹುಡುಕುತ್ತಿರುವ ಗೆಳೆಯರು ಯಾಕೆ ಓದಬೇಕು? ಕಾರಣವಿದೆ. ಆ ಅಂಬಾಸಿಡರ್‌ನ ಕೆಳಗೆ ಮಲಗಿದ್ದಾಗ ನನಗೆ ಕಂಡದ್ದು ಎರಡು ಅರ್ಧಗಳು. ಮಿಸ್ತ್ರಿ ಕಾಕಾಗೆ ಪೈಪನ್ನು ಬೆರಳಲ್ಲಿ ಒತ್ತಿದರೆ ಸಾಕು, ಅದರ ವಯಸ್ಸು ತಿಳಿಯುತ್ತದೆ. ಆದರೆ ಪೈಪಿನ ಮೇಲಿನ ‘ಆರ್9’ ಏನು, ಇಸಿಯು ವೈರಿಂಗ್ ನಕ್ಷೆ ಹೇಗೆ ಓದುವುದು ಎಂಬುದು ಅವರಿಗೆ ಹೊಸದು. ನನಗೆ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒತ್ತಡದ ಸೂತ್ರ ಬಾಯಿಪಾಠ. ಕೈಯಲ್ಲಿ ಕ್ಲಿಪ್ ಬಿಗಿಯುವುದನ್ನು ಅವರಿಂದಲೇ ಕಲಿತೆ. ಆ ಕಾರು ಸರಿಹೋಗಲು ಎರಡೂ ಅರ್ಧ ಬೇಕಾದವು.

ನಮ್ಮಲ್ಲಿ ಬಹಳಷ್ಟು ಹುಡುಗರು ಬಿಇ ಮುಗಿಸಿ ಪುಣೆ, ಬೆಂಗಳೂರಿನ ರೈಲು ಹತ್ತುತ್ತಾರೆ. ಹೋಗಲಿ, ತಪ್ಪಿಲ್ಲ. ಆದರೆ ಇಂಥ ಕೆಲಸ ಬಲ್ಲವರ ಕೊರತೆ ನಮ್ಮ ಊರುಗಳಲ್ಲೇ ಇದೆ. ಇ20ಗೆ ಸಿದ್ಧವಿಲ್ಲದ ಬೈಕು, ಕಾರು ಓಣಿಗೊಂದರಂತೆ ಓಡಾಡುತ್ತಿವೆ. ಅವುಗಳ ಪೈಪ್, ವಾಷರ್ ಪರೀಕ್ಷಿಸಿ, ಲೆಕ್ಕ ಹಾಕಿ, ಬರೆದುಕೊಟ್ಟು ಹೊಣೆ ಹೊರುವ ಒಬ್ಬ ಹುಡುಗ ಊರಿಗೊಬ್ಬ ಇದ್ದರೂ ಅವನಿಗೆ ಕೆಲಸಕ್ಕೆ ಬರವಿರದು. ಕಾಲೇಜುಗಳೂ ಮನಸ್ಸು ಮಾಡಬೇಕು. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ಕೊಂಡು ತರುವ ಬದಲು, ಊರಿನ ಒಂದು ಹಳೇ ಗಾಡಿಯ ಇಂಧನ ವ್ಯವಸ್ಥೆಯನ್ನು ಮಿಸ್ತ್ರಿಯೊಬ್ಬರ ಜತೆ ಕೂತು ಸರಿಪಡಿಸುವುದೇ ಪ್ರಾಜೆಕ್ಟ್ ಏಕಾಗಬಾರದು? ವರ್ಷಕ್ಕೆರಡು ಭಾನುವಾರ ಲ್ಯಾಬಿನ ಬಾಗಿಲು ಗ್ಯಾರೇಜಿನವರಿಗೂ ತೆರೆದರೆ ಕಾಲೇಜಿನ ಗಂಟೇನು ಹೋಗುತ್ತದೆ?

ಮುಂದಿನ ಸಲ ಯಾರಾದರೂ ‘ನಮ್ಮ ಕಾರಿಗೆ ಎಂಪಿಎಫ್‌ಐ ಎಂಜಿನ್ ಕೂಡ್ರಿಸೀವಿ, ಬಾ ನೋಡು’ ಎಂದು ಕರೆದರೆ ಬಾನೆಟ್ ಎತ್ತುವ ಮೊದಲು ಬಗ್ಗಿ ಕಾರಿನ ಕೆಳಗೆ ನೋಡಿ. ಪೈಪಿನ ಮೇಲೆ ಏನು ಬರೆದಿದೆ, ಎಂಜಿನ್ ಬಂದಾದರೆ ಪಂಪ್ ನಿಲ್ಲುತ್ತದೆಯೇ ಎಂದು ಕೇಳಿ. ಉತ್ತರ ಬರದಿದ್ದರೆ ಆ ಕಾರಿನಲ್ಲಿ ಕೂಡ್ರಬೇಡಿ, ಅವರಿಗೂ ಕೂಡ್ರಲು ಬಿಡಬೇಡಿ.

*– ಬಿಇ (ಮೆಕ್ಯಾನಿಕಲ್) ವಿದ್ಯಾರ್ಥಿ, ಜಮಖಂಡಿ*